ಗಡ್ಡೆ ಕರಗುತ್ತಿದೆಯೇ? ಕಿಮೋ ನಡುವಿನ ಕಾಯುವ ದಿನಗಳು

ಸ್ತನ ಕ್ಯಾನ್ಸರ್ ಎಂದರೆ ಮೊದಲು ಆಪರೇಷನ್, ಗಾಯ ಮಾಗಿದ ಮೇಲೆ ಕಿಮೋ ಎಂಬುದು ಹಿಂದಿನವರ ಲೆಕ್ಕ. ಈಗ ಅನೇಕ ಹೆಂಗಸರಿಗೆ ಈ ಕ್ರಮ ತಿರುವುಮುರುವಾಗಿದೆ. ಗಡ್ಡೆ ದೊಡ್ಡದಿದ್ದರೆ, ಕಂಕುಳಿನ ಗ್ರಂಥಿಗಳಿಗೆ ಹಬ್ಬಿದ್ದರೆ, ಅಥವಾ ಬಯಾಪ್ಸಿಯಲ್ಲಿ ಟ್ರಿಪಲ್ ನೆಗೆಟಿವ್ ಇಲ್ಲವೇ ಹರ್-2 ಪಾಸಿಟಿವ್ ಬಗೆ ಎಂದು ಬಂದರೆ ವೈದ್ಯರು ಸಾಮಾನ್ಯವಾಗಿ ಮೊದಲು ಕಿಮೋ ಕೊಟ್ಟು ಆಮೇಲೆ ಚಾಕು ಹಿಡಿಯುತ್ತಾರೆ. ನಮ್ಮಲ್ಲಿ ರೋಗ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವವರೇ ಹೆಚ್ಚು. ಹಾಗಾಗಿ ಈ ದಾರಿಯಲ್ಲಿ ನಡೆಯುವವರೂ ಬಹಳ.

ಈ ಬದಲಾವಣೆಗೆ ಗಟ್ಟಿ ಆಧಾರವಿದೆ. ಅದರ ಜೊತೆಗೆ ಒಂದು ಹೊಸ ಸಂಕಟವೂ ಬಂದಿದೆ. ಅದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ. ಮೊದಲು ಆಪರೇಷನ್ ಆದವರಿಗೆ ಗಡ್ಡೆ ಮೈಯಿಂದ ಹೊರಗೆ ಹೋಗಿರುತ್ತದೆ, ಕಿಮೋ ಹೋರಾಡುವುದು ಕಣ್ಣಿಗೆ ಕಾಣದ ಕಣಗಳ ಜೊತೆ. ಮೊದಲು ಕಿಮೋ ತೆಗೆದುಕೊಳ್ಳುವವರ ಗಡ್ಡೆ ನಾಲ್ಕೈದು ತಿಂಗಳು ಕೈಗೆ ಸಿಗುವಂತೆ ಅಲ್ಲೇ ಇರುತ್ತದೆ. ಸ್ನಾನದ ಮನೆಯಲ್ಲಿ, ಮಲಗುವ ಮುಂಚೆ, ನಡುರಾತ್ರಿ ಎಚ್ಚರವಾದಾಗ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ನಿನ್ನೆಗಿಂತ ಚಿಕ್ಕದಾಯಿತೇ? ಹಾಗೇ ಇದೆಯೇ?

ಮೊದಲು ಈ ಹೊಸ ಕ್ರಮದ ಆಧಾರ ನೋಡೋಣ. ಅಮೆರಿಕದಲ್ಲಿ 1988ರಲ್ಲಿ ಎನ್‌ಎಸ್‌ಎಬಿಪಿ ಬಿ-18 ಎಂಬ ದೊಡ್ಡ ಅಧ್ಯಯನ ಆರಂಭವಾಯಿತು. 1,523 ಮಹಿಳೆಯರಲ್ಲಿ ಕೆಲವರಿಗೆ ಆಪರೇಷನ್‌ಗೆ ಮುನ್ನ, ಉಳಿದವರಿಗೆ ಆಪರೇಷನ್ ನಂತರ ಅದೇ ಕಿಮೋ ಕೊಟ್ಟು ನೋಡಿದರು. ಬದುಕುಳಿಯುವ ಪ್ರಮಾಣ ಎರಡರಲ್ಲೂ ಒಂದೇ. ಆದರೆ ಮೊದಲು ಕಿಮೋ ಪಡೆದವರಲ್ಲಿ ಸ್ತನ ಉಳಿಸಿಕೊಂಡವರು ಹೆಚ್ಚು. ಕಿಮೋ ನಡುವೆ ಇರುವವರು ಗಮನಿಸಬೇಕಾದ ಇನ್ನೆರಡು ಅಂಕಿಗಳೂ ಅದರಲ್ಲಿವೆ. ಮೊದಲು ಕಿಮೋ ಪಡೆದವರಲ್ಲಿ ನೂರಕ್ಕೆ ಸುಮಾರು 80 ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು, ಸುತ್ತ ಹಬ್ಬುವ ಬಗೆಯ ಕ್ಯಾನ್ಸರ್ ಕೋಶ ಉಳಿಯದಂತೆ ಸ್ತನ ಸ್ವಚ್ಛವಾದದ್ದು 13 ಮಂದಿಗೆ. ಅಂದಿನಿಂದ ಔಷಧಗಳು ಬಹಳ ಸುಧಾರಿಸಿವೆ. ಹರ್-2 ಮತ್ತು ಟ್ರಿಪಲ್ ನೆಗೆಟಿವ್ ಬಗೆಗಳಲ್ಲಿ ಈ ಎರಡನೇ ಅಂಕಿ ಎಷ್ಟೋ ಪಟ್ಟು ಏರಿದೆ. ಆದರೂ ಕುಗ್ಗುವುದು ಬೇರೆ, ಪೂರ್ತಿ ಮಾಯವಾಗುವುದು ಬೇರೆ. ಇವೆರಡರ ನಡುವಿನ ಜಾಗದಲ್ಲೇ ಬಹಳಷ್ಟು ಹೆಂಗಸರು ತಿಂಗಳುಗಟ್ಟಲೆ ದಿನ ದೂಡುತ್ತಾರೆ.

ನಮ್ಮ ಚಿಕ್ಕಮ್ಮ ಹೀಗೆ ದಿನ ದೂಡಿದವಳು. ಕೆಂಪು ಬಣ್ಣದ ಕಿಮೋ ಔಷಧಿಯ ನಾಲ್ಕು ಸೈಕಲ್ (ಸುತ್ತು) ಮುಗಿದ ಮೇಲೆ ಸ್ಕ್ಯಾನಿಂಗ್ ಆಯಿತು. ಮೊದಲ ರಿಪೋರ್ಟಿನಲ್ಲಿ 3.4 ಸೆಂಟಿಮೀಟರ್ ಇದ್ದದ್ದು ಈಗ 3.2. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವಳೇ ರಿಪೋರ್ಟನ್ನು ದೇವರ ಗೂಡಿನಲ್ಲಿಟ್ಟು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, "ಎರಡು ಮಿಲಿಮೀಟರಿಗೆ ಇಷ್ಟು ಕೂದಲು, ಇಷ್ಟು ವಾಂತಿ ಕೊಟ್ನಾ ನಾನು?" ಅಂದಳು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯೆ ಕೈಯಿಂದ ಒತ್ತಿ ನೋಡಿ, "ಮೆತ್ತಗಾಗಿದೆ ಕಣಮ್ಮಾ, ಆಗ ಕಲ್ಲಿನ ಹಾಗಿತ್ತು. ಕಂಕುಳಿನ ಗಂಟಂತೂ ಈಗ ಕೈಗೇ ಸಿಗ್ತಿಲ್ಲ" ಎಂದಾಗಲೇ ಆಕೆ ಅವತ್ತು ಹೊಟ್ಟೆ ತುಂಬ ಉಂಡದ್ದು.

ಆ ಎರಡು ಮಿಲಿಮೀಟರಿನಲ್ಲಿ ಆಕೆ ಓದಿಕೊಂಡಿದ್ದ ಅರ್ಥ ಅದರಲ್ಲಿ ಇರಲೇ ಇಲ್ಲ. ಎರಡು ಸ್ಕ್ಯಾನಿಂಗ್ ಆದದ್ದು ಎರಡು ಬೇರೆ ಸೆಂಟರಿನಲ್ಲಿ, ಅಳೆದವರೂ ಬೇರೆ. ಅಲ್ಟ್ರಾಸೌಂಡಿನಲ್ಲಿ ಕೆಲವು ಮಿಲಿಮೀಟರಿನ ವ್ಯತ್ಯಾಸ ಕೈ ಬದಲಾದರೂ ಬರುತ್ತದೆ. ಬಯಾಪ್ಸಿ ಮಾಡಿದ ಜಾಗದಲ್ಲಿ ರಕ್ತ ಕಟ್ಟಿ ಊದಿಕೊಂಡರೆ ಗಡ್ಡೆಯೇ ಬೆಳೆದ ಹಾಗೆ ಬೆರಳಿಗೆ ಅನ್ನಿಸುತ್ತದೆ. ಕ್ಯಾನ್ಸರ್ ಕೋಶಗಳು ಸತ್ತ ಮೇಲೂ ಅಲ್ಲಿ ಗಟ್ಟಿ ನಾರಿನ ಗಾಯದ ಗುರುತು ಉಳಿಯಬಹುದು. ಕೈಗೆ ಗಂಟು, ಒಳಗೆ ಜೀವಂತ ಕೋಶವೇ ಇಲ್ಲ! ಇನ್ನೊಂದು ಬಗೆಯೂ ಇದೆ. ಕೆಲವು ಗಡ್ಡೆಗಳು ಸುತ್ತಲಿಂದ ಸಮನಾಗಿ ಕುಗ್ಗದೆ, ಒಣಗಿದ ಮಣ್ಣಿನ ಹೆಂಟೆ ಒಡೆದು ಪುಡಿಯಾಗುವಂತೆ ಅಲ್ಲಲ್ಲಿ ಚದುರಿ ಉಳಿಯುತ್ತವೆ. ಆಗ ಅಳತೆಪಟ್ಟಿಯ ಉದ್ದ ಅಷ್ಟೇ ಇರುತ್ತದೆ, ಒಳಗಿನ ರೋಗ ಎಷ್ಟೋ ಕಡಿಮೆಯಾಗಿರುತ್ತದೆ. ಇದ್ದುದರಲ್ಲಿ ಹೆಚ್ಚು ನಿಖರವಾದ ಎಂಆರ್‌ಐ ಕೂಡ ಕೊನೆಯ ತೀರ್ಪಲ್ಲ. ಆಪರೇಷನ್ನಿನಲ್ಲಿ ತೆಗೆದ ಭಾಗವನ್ನು ಪ್ಯಾಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ನಿಜ ತಿಳಿಯುವುದು. ಗಡ್ಡೆ ಪೂರ್ತಿ ಮಾಯವಾದರೆ ಸರ್ಜನ್‌ಗೆ ಜಾಗವೇ ಸಿಗದೇ ಹೋದೀತೆಂದು ಕಿಮೋಗೆ ಮುನ್ನವೇ ಅದರೊಳಗೆ ಸಣ್ಣ ಲೋಹದ ಕ್ಲಿಪ್ ಇಡುವ ಕ್ರಮವೂ ಇದೆ.

ಸಂಶೋಧಕರು ಬಳಸುವ ರೆಸಿಸ್ಟ್ ಎಂಬ ಅಳತೆಗೋಲಿನಲ್ಲಿ ಉದ್ದ ಶೇ 30ರಷ್ಟು ಕುಗ್ಗಿದರೆ ಭಾಗಶಃ ಸ್ಪಂದನೆ, ಶೇ 20ರಷ್ಟು ಹೆಚ್ಚಿದರೆ ರೋಗ ಬೆಳೆದಿದೆ ಎಂದರ್ಥ. ನಡುವಿನದೆಲ್ಲ 'ಸ್ಥಿರ'. ರಿಪೋರ್ಟಿನಲ್ಲಿ ಈ ಮಾತು ಕಂಡು ಕಿಮೋ ಸೋತಿತು ಎಂದು ಕೈಚೆಲ್ಲಿ ಕೂತವರಿದ್ದಾರೆ. ನಿಜವಾಗಿ ಕಿಮೋ ನಡುವೆಯೇ ಗಡ್ಡೆ ಬೆಳೆಯುವುದು ಅಪರೂಪ, ನೂರಕ್ಕೆ ಐದು ಮಂದಿಗೂ ಕಡಿಮೆ. ಹಾಗೆ ಆದರೂ ವೈದ್ಯರ ಕೈಯಲ್ಲಿ ಉಪಾಯಗಳಿವೆ. ಔಷಧಿ ಬದಲಿಸುತ್ತಾರೆ, ಇಲ್ಲವೇ ಆಪರೇಷನ್ನನ್ನೇ ಮುಂಚೆ ಮಾಡುತ್ತಾರೆ.

ಇನ್ನು ಕ್ಯಾನ್ಸರಿನ ಬಗೆ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸುಮಾರು 12,000 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಗಡ್ಡೆ ಪೂರ್ತಿ ಮಾಯವಾಗುವುದಕ್ಕೂ ಮುಂದೆ ಆರೋಗ್ಯವಾಗಿರುವುದಕ್ಕೂ ಇರುವ ನಂಟು ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಬಗೆಗಳಲ್ಲಿ ಗಾಢವಾಗಿ ಕಂಡಿತು. ನಿಧಾನವಾಗಿ ಬೆಳೆಯುವ ಹಾರ್ಮೋನ್ ಪಾಸಿಟಿವ್ ಬಗೆಯಲ್ಲಿ ಕಿಮೋಗೆ ಗಡ್ಡೆ ಪೂರ್ತಿ ಕರಗುವುದೇ ಕಡಿಮೆ. ಅಲ್ಲಿ ಮುಖ್ಯ ಕೆಲಸ ಮಾಡುವುದು ಆಮೇಲೆ ಐದು, ಹತ್ತು ವರ್ಷ ನುಂಗುವ ಹಾರ್ಮೋನ್ ಮಾತ್ರೆ. ಪಕ್ಕದ ಹಾಸಿಗೆಯವರ ಗಡ್ಡೆ ಎರಡೇ ಸೈಕಲ್‌ಗೆ ಕರಗಿತು, ನನ್ನದು ಏಕಿಲ್ಲ ಎಂದು ಕೊರಗುವವರು ಮೊದಲು ಇಬ್ಬರ ರೋಗವೂ ಒಂದೇ ಬಗೆಯದೇ ಎಂದು ಕೇಳಿಕೊಳ್ಳಬೇಕು.

ಎಲ್ಲ ಮುಗಿದು ಆಪರೇಷನ್ನಿನಲ್ಲಿ ಕ್ಯಾನ್ಸರ್ ಉಳಿದದ್ದು ಕಂಡರೆ? ಮೊದಲೆಲ್ಲ ಇದು ಬರೀ ಕೆಟ್ಟ ಸುದ್ದಿ. ಈಗ ಅದು ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುವ ಮಾಹಿತಿಯೂ ಹೌದು. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಹೀಗೆ ಕ್ಯಾನ್ಸರ್ ಉಳಿದಿದ್ದ, ಹರ್-2 ನೆಗೆಟಿವ್ ಆದ 910 ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಪಸಿಟಾಬಿನ್ ಮಾತ್ರೆ ಪಡೆದವರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ 89.2, ಪಡೆಯದವರಲ್ಲಿ ಶೇ 83.6. ಹರ್-2 ಬಗೆಯಲ್ಲಿ ಟಿ-ಡಿಎಂ1 ಎಂಬ ಇಂಜೆಕ್ಷನ್ ರೋಗ ಮರುಕಳಿಸುವ ಅಪಾಯವನ್ನು ಅರ್ಧಕ್ಕೆ ಇಳಿಸಿತು. ಉಳಿದ ಗಡ್ಡೆ ಕಂಡಿದ್ದರಿಂದಲೇ ಇವರಿಗೆ ಈ ಔಷಧಗಳು ಸಿಕ್ಕವು. ಚಿಕ್ಕಮ್ಮನ ರಿಪೋರ್ಟಿನಲ್ಲೂ ಜೀವಂತ ಕೋಶಗಳಿದ್ದವು. ಆಕೆ ಈಗ ಹಾರ್ಮೋನ್ ಮಾತ್ರೆ ನುಂಗುತ್ತಾಳೆ, ತೋಟಕ್ಕೆ ಹೋಗುತ್ತಾಳೆ.

ಈ ಕಾಯುವ ದಿನಗಳಲ್ಲಿ ಎರಡು ತಪ್ಪು ನಂಬಿಕೆಗಳು ಬೇಗ ಅಂಟುತ್ತವೆ. ಕೂದಲು ಉದುರಿ, ಬಾಯಿ ಹುಣ್ಣಾಗಿ ನರಳಿದಷ್ಟೂ ಔಷಧಿ ಚೆನ್ನಾಗಿ ನಾಟುತ್ತಿದೆ ಎಂಬುದು ಮೊದಲನೆಯದು. ಅಡ್ಡಪರಿಣಾಮದಿಂದ ಗಡ್ಡೆಯ ಸ್ಥಿತಿ ತಿಳಿಯುವುದಿಲ್ಲ. ವಾಂತಿ ಆಗದವರ ಗಡ್ಡೆಯೂ ಕರಗುತ್ತದೆ. ಆದ್ದರಿಂದ ವಾಂತಿ ತಡೆಯುವ ಮಾತ್ರೆಯನ್ನು ಹಟಕ್ಕೆ ಬಿಡುವುದು ಬೇಡ. ಲಕ್ಷ್ಮಣಫಲದ ಎಲೆಯ ಕಷಾಯ ಕುಡಿದರೆ ಗಡ್ಡೆ ಕರಗುತ್ತದೆ ಎಂಬಂಥದ್ದು ಇನ್ನೊಂದು. "ಕಿಮೋ ನಾಟ್ತಿಲ್ವಂತೆ, ಇದನ್ನ ಕೊಟ್ಟು ನೋಡಿ" ಎಂದು ಬಂಧುಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ. ಅದು ಮನುಷ್ಯರ ಸ್ತನ ಕ್ಯಾನ್ಸರನ್ನು ವಾಸಿಮಾಡಿದ ಪುರಾವೆ ಇಲ್ಲ. ಕಿಮೋ ನಡುವೆ ವೈದ್ಯರಿಗೆ ಹೇಳದೆ ಏನನ್ನೂ ಕುಡಿಯಬಾರದು. ಅನುಮಾನ ದಟ್ಟವಾದಾಗ ಮನಸ್ಸು ಸಿಕ್ಕಿದ್ದನ್ನೆಲ್ಲ ಹಿಡಿಯಲು ಹೋಗುತ್ತದೆ. ತಪ್ಪು ಹೆಂಗಸರದ್ದಲ್ಲ, ಆ ಅನುಮಾನದ ಜೊತೆ ಅವರನ್ನು ಒಂಟಿಯಾಗಿ ಬಿಟ್ಟವರದ್ದು.

ಅಮೆರಿಕದ ನರ್ಸಿಂಗ್ ಸಂಶೋಧಕಿ ಮರ್ಲ್ ಮಿಶೆಲ್ 1988ರಲ್ಲೇ ಕಾಯಿಲೆಯ ಅನಿಶ್ಚಿತತೆಯ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದ್ದರು. ನಂಬಿಕೆಯುಳ್ಳ ವೈದ್ಯರು, ನರ್ಸುಗಳು ಬಿಡಿಸಿ ಹೇಳಿದರೆ ಆ ಅನಿಶ್ಚಿತತೆಯ ಭಾರ ಇಳಿಯುತ್ತದೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ರಾಯಚೂರು, ಬೀದರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಸಾಲಿನಲ್ಲಿ ನಿಲ್ಲುವವರಿಗೆ ವೈದ್ಯರ ಸಮಯ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲೇ ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಕ್ಯಾನ್ಸರ್ ಯಾವ ಬಗೆ, ಮುಂದಿನ ಅಳತೆ ಯಾವಾಗ, ಕುಗ್ಗದಿದ್ದರೆ ಏನು ಮಾಡುತ್ತೀರಿ? ಸಾಧ್ಯವಾದರೆ ಪ್ರತಿ ಸಲ ಒಂದೇ ಸೆಂಟರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿ, ಹಳೆಯ ರಿಪೋರ್ಟು ಮತ್ತು ಫಿಲ್ಮ್ ಜೊತೆಗೇ ಒಯ್ಯಿರಿ. ದಿನವೂ ಒತ್ತಿ ನೋಡುವುದನ್ನು ಬಿಡಿ. ಆದರೆ ಗಡ್ಡೆ ಎದ್ದು ಕಾಣುವಷ್ಟು ದೊಡ್ಡದಾದರೆ, ಚರ್ಮ ಕೆಂಪಾದರೆ, ಹೊಸ ಗಂಟು ಬಂದರೆ ಮುಂದಿನ ಸೈಕಲ್‌ವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಮನೆಯವರಲ್ಲಿ ಒಂದು ವಿನಂತಿ. ಫೋನ್ ಮಾಡಿದಾಗಲೆಲ್ಲ "ಕರಗಿತಾ?" ಎಂದು ಕೇಳಬೇಡಿ. "ಊಟ ಸೇರ್ತಾ? ನಿದ್ದೆ ಬಂತಾ?" ಎಂದು ಕೇಳಿ. ರಾತ್ರಿ ನಿದ್ದೆ ಬಾರದೆ ಹೆದರಿಕೆ ಹೆಚ್ಚಾದವರು, ಅವರನ್ನು ನೋಡಿಕೊಳ್ಳುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.