ಬಾಗಿಲಿಗೆ ಬಂದ ವ್ಯಾಪಾರಿಯೂ ಕಾನೂನಿನ ಕಟ್ಟಳೆಯೂ

ಗಡಿನಾಡಿನ ನಮ್ಮ ಮನೆಗಳಿಗೆ ವ್ಯಾಪಾರಿಯ ಬರವು ಹೊಸತಲ್ಲ. ಮಲಾರ ಹೊತ್ತ ಬಳೆಗಾರ, ಸೀರೆಯ ಗಂಟಿನವನು, ಕಾಸರಗೋಡಿನ ಕಡೆ ಬುಟ್ಟಿ ಹೊತ್ತ ಮೀನು ಮಾರುವಾಕೆ, ಇವರೆಲ್ಲ ಪೇಟೆಗೆ ಹೋಗಲಾಗದ ಗೃಹಿಣಿಯ ಅಂಗಳಕ್ಕೆ ಅಂಗಡಿಯನ್ನೇ ತಂದವರು. ಈಗ ಇವರ ಜೊತೆಗೆ ಇನ್ನೊಂದು ವರ್ಗ ಸೇರಿದೆ. ಪೌಷ್ಟಿಕ ಪುಡಿ, ಸೌಂದರ್ಯ ಸಾಧನ, ಅಡುಗೆಯ ಪಾತ್ರೆಗಳನ್ನು ಹಿಡಿದು ಕಂಪೆನಿಯ ಹೆಸರಿನಲ್ಲಿ ಬರುವವರ ವರ್ಗವದು. ಮೊದಲಿನವರನ್ನು ಗೇಟಿನಲ್ಲೇ ತಡೆದು, ಎರಡನೆಯವರಿಗೆ ಕುರ್ಚಿ ಹಾಕುವುದು ಹಲವು ಮನೆಗಳ ವಾಡಿಕೆ. ಕಾನೂನಿನ ದೃಷ್ಟಿ ಮಾತ್ರ ಬೇರೆಯೇ ಇದೆ.

ಬೀದಿಬದಿಯ ವ್ಯಾಪಾರವೂ ಸಂವಿಧಾನವು ರಕ್ಷಿಸುವ ಒಂದು ವೃತ್ತಿಯೆಂದೂ, ಅದಕ್ಕೆ ಸಮಂಜಸವಾದ ನಿರ್ಬಂಧಗಳನ್ನು ವಿಧಿಸಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. 2014ರಲ್ಲಿ ಕೇಂದ್ರ ಸರಕಾರದ ಬೀದಿ ವ್ಯಾಪಾರಿಗಳ ಕಾಯಿದೆ ಬಂದಿತು. ಒಂದೆಡೆ ಕುಳಿತು ಮಾರುವವರಷ್ಟೇ ಅಲ್ಲದೆ, ಊರೂರು ಅಲೆದು ಮಾರುವವರೂ ಇದರ ವ್ಯಾಪ್ತಿಯಲ್ಲಿದ್ದಾರೆ. ನಗರ, ಪಟ್ಟಣಗಳಲ್ಲಿ ವ್ಯಾಪಾರ ಸಮಿತಿ ರಚನೆಯಾಗಬೇಕು. ಅದರ ಸದಸ್ಯರಲ್ಲಿ ಕನಿಷ್ಠ 40 ಶೇಕಡಾ ಮಂದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಅರ್ಹರಿಗೆ ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಕೊಡಲಾಗುತ್ತದೆ. ಆ ಪ್ರಮಾಣಪತ್ರವನ್ನು ಬೇರೊಬ್ಬರಿಗೆ ಬಾಡಿಗೆಗೆ ಕೊಡುವಂತಿಲ್ಲ.

ಆದುದರಿಂದ ಬಡಾವಣೆಯ ಸಂಘವೊಂದು ಸಾರ್ವಜನಿಕ ರಸ್ತೆಯ ತಲೆಯಲ್ಲಿ "ವ್ಯಾಪಾರಿಗಳಿಗೆ ಪ್ರವೇಶವಿಲ್ಲ" ಎಂದು ಫಲಕ ತೂಗಿದ ಮಾತ್ರಕ್ಕೆ ಆ ರಸ್ತೆ ಸಂಘದ ಸೊತ್ತಾಗುವುದಿಲ್ಲ. ಹಾಗೆಂದು ಪ್ರಮಾಣಪತ್ರವು ಮನೆಯೊಳಗೆ ಕಾಲಿಡುವ ಹಕ್ಕನ್ನೂ ಕೊಡುವುದಿಲ್ಲ. ಬೇಡವೆಂದ ಮೇಲೂ ಬೆದರಿಸಲು, ಅವಮಾನಿಸಲು ಅಥವಾ ಉಪಟಳ ಕೊಡಲೆಂದು ಆವರಣದಲ್ಲಿ ನಿಂತರೆ, ಅದು ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಂತೆ ಅಪರಾಧ.

ಕಂಪೆನಿಯ ಜಾಲದ ಮೂಲಕ ಮಾರುವವರ ಮೇಲಿನ ಕಟ್ಟಳೆ ಇನ್ನೂ ಬಿಗಿ. 2021ರ ದಶಂಬರದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಹೊರಡಿಸಿದ ನೇರ ಮಾರಾಟ ನಿಯಮಗಳಂತೆ, ಗುರುತಿನ ಚೀಟಿಯಿಲ್ಲದೆ, ಮುಂಚಿತವಾಗಿ ಸಮಯ ಗೊತ್ತುಪಡಿಸದೆ ಅಥವಾ ಒಪ್ಪಿಗೆ ಪಡೆಯದೆ, ಇವರು ಗ್ರಾಹಕರ ಮನೆಗೆ ಬರಕೂಡದು. ಬಂದವರು ಕೇಳುವ ಮೊದಲೇ ತಾವು ಯಾರು, ಯಾವ ಕಂಪೆನಿಯವರು, ಏತಕ್ಕಾಗಿ ಬಂದಿರುವೆವು ಎಂಬುದನ್ನು ತಿಳಿಸಬೇಕು. ಬೆಲೆ, ಹಣ ಸಂದಾಯದ ಷರತ್ತು, ವಸ್ತುವನ್ನು ಹಿಂದಿರುಗಿಸುವ ಕ್ರಮ, ಇವನ್ನೆಲ್ಲ ಸಂಪೂರ್ಣವಾಗಿ ವಿವರಿಸಬೇಕು. ನಾವು ಕುರ್ಚಿ ಹಾಕಿ ಕೂರಿಸುವವರನ್ನೇ ಕಾನೂನು ಹೆಚ್ಚಾಗಿ ಪ್ರಶ್ನಿಸುತ್ತದೆ!

ಗಡಿಯಾಚೆಗಿನ ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರ ಬೇಕು. ಮುಂದಿಟ್ಟ ಕಾಗದವು ಮಲಯಾಳದಲ್ಲೋ, ತಮಿಳಿನಲ್ಲೋ, ಮರಾಠಿಯಲ್ಲೋ, ತೆಲುಗಿನಲ್ಲೋ, ಇಂಗ್ಲಿಷಿನಲ್ಲೋ ಇರಬಹುದು. ಆ ಭಾಷೆಯನ್ನು ಆಡಬಲ್ಲ ನಮ್ಮ ಎಷ್ಟೋ ಹಿರಿಯರು ಅದರ ಲಿಪಿಯನ್ನು ಓದಲಾರರು. ಕಂತಿನ ಕರಾರಿಗೆ ಹೆಬ್ಬೆಟ್ಟೊತ್ತುವ ಮುನ್ನ ಮನೆಯ ಓದಬಲ್ಲ ಮಕ್ಕಳಿಂದ ಅದನ್ನು ಓದಿಸಿ ಅರ್ಥ ತಿಳಿದುಕೊಳ್ಳಬೇಕು. ಅವರು ಮನೆಯಲ್ಲಿಲ್ಲದಿದ್ದರೆ "ನಾಳೆ ಬನ್ನಿ" ಎಂದರಾಯಿತು. ನಾಳೆಯವರೆಗೆ ಕಾಯಲಾರದ ವ್ಯಾಪಾರದಲ್ಲಿ ನಷ್ಟ ಸಾಮಾನ್ಯವಾಗಿ ಕೊಳ್ಳುವವರದೇ. ಮೋಸ ನಡೆದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹೊಸ್ತಿಲು ಮನೆಯವರದು, ದಾರಿ ಎಲ್ಲರದು. ಬೇಡದ ವಸ್ತುವನ್ನು ಬೇಡವೆನ್ನುವ ಅಧಿಕಾರ ನಮಗುಂಟು. ತಲೆಹೊರೆಯವನ ಅನ್ನವನ್ನು ಕಸಿಯುವ ಅಧಿಕಾರವಿಲ್ಲ. ಬಂದವರ ಉಡುಪನ್ನು ನೋಡಿ ಬಾಗಿಲು ತೆರೆಯುವುದನ್ನೂ ಮುಚ್ಚುವುದನ್ನೂ ಬಿಟ್ಟು, ಚೀಟಿಯನ್ನೂ ಮಾತನ್ನೂ ಪರೀಕ್ಷಿಸಿದರೆ ಮನೆಯ ಉಳಿತಾಯವೂ ಉಳಿದೀತು, ಬಡ ವ್ಯಾಪಾರಿಯ ಮಾನವೂ ಉಳಿದೀತು.