ಈಜುವವರೂ ಕಡಲ ಡಾಲ್ಫಿನ್ನುಗಳೂ

ವಾನಳ್ಳಿಯ ಸೀಮೆಯವರಾದ ನಮಗೆ ಈಜೆಂದರೆ ಹೊಳೆಯ ಈಜು. ತೋಟದ ಕೆಳಗಿನ ಹಳ್ಳದ ಗುಂಡಿಯಲ್ಲಿ ಬಾಳೆಯ ದಿಂಡನ್ನು ಅವುಚಿಕೊಂಡು ಕೈಕಾಲು ಬಡಿಯುವದರಿಂದ ಆ ವಿದ್ಯೆಯು ಮೊದಲಾಗುವದು. ಮಡುವಿನ ಈ ದಡದಿಂದ ಆ ದಡಕ್ಕೆ ದಾಟಿದ ದಿನ ಹುಡುಗನು ದೊಡ್ಡವನಾದಂತೆಯೇ ಲೆಕ್ಕ. ಆ ನೀರಿನಲ್ಲಿ ಎದುರಾಗುವ ಜೀವಗಳೆಂದರೆ ಕಾಲಿನ ಬೆರಳನ್ನು ಕಚ್ಚುವ ಸಣ್ಣ ಮೀನು, ಕಲ್ಲಿನ ಸಂದಿಯ ಏಡಿ, ಹೆಚ್ಚೆಂದರೆ ಒಂದು ನೀರುಹಾವು. ತನಗಿಂತ ದೊಡ್ಡದಾದ ಪ್ರಾಣಿಯೊಂದು ಒಮ್ಮೆಲೆ ಮೇಲೆದ್ದು ತನ್ನ ಮಗ್ಗುಲಲ್ಲಿ ಉಸಿರು ಬಿಡುವದೆಂಬ ಅನುಭವವು ಘಟ್ಟದ ಮೇಲಿನ ಈಜುಗಾರನಿಗಿಲ್ಲ.

ಆದರೂ ಕಡಲು ನಮಗೆ ಪರದೇಶವಲ್ಲ. ಶಿರಸಿಯಿಂದ ದೇವಿಮನೆಯ ಘಟ್ಟವನ್ನಿಳಿದರೆ ಸುಮಾರು 60 ಕಿಲೋಮೀಟರಿಗೆ ಕುಮಟೆ. ಶಿರಸಿಯಲ್ಲಿ ಹುಟ್ಟಿದ ಅಘನಾಶಿನಿಯು ಉಂಚಳ್ಳಿಯಲ್ಲಿ ಧುಮುಕಿ, ನಮಗಿಂತ ಮೊದಲೇ ತದಡಿಯ ಬಳಿ ಸಮುದ್ರವನ್ನು ಸೇರಿರುತ್ತಾಳೆ. ಗೋಕರ್ಣದ ಸಮುದ್ರಸ್ನಾನವು ಹಿರಿಯರ ಕಾಲದಿಂದ ನಡೆದುಬಂದುದೇ. ಈಚೆಗೆ ಮಕ್ಕಳಿಗೆ ರಜೆ ಬಂತೆಂದರೆ ಓಂ ತೀರಕ್ಕೆ ಹೋಗಿ ದೋಣಿ ಹತ್ತಿ ಡಾಲ್ಫಿನ್ ನೋಡಬೇಕೆಂಬ ಹಟವೂ ಅದರೊಡನೆ ಸೇರಿಕೊಂಡಿದೆ. ಮೊಬೈಲಿನ ಚಿತ್ರಗಳಲ್ಲಿ ಡಾಲ್ಫಿನ್ನಿನ ಬೆನ್ನನ್ನು ಹಿಡಿದು ಹೋಗುವವರನ್ನು ಕಂಡ ಮಕ್ಕಳು, "ನಾನು ಕಡಲಿಗಿಳಿದರೆ ಅದು ನನ್ನ ಹತ್ತಿರ ಬರುತ್ತದೆಯೆ, ಅಪ್ಪಯ್ಯ?" ಎಂದು ಕೇಳುವರು. ಈ ಪ್ರಶ್ನೆಗೆ ಕೊಡತಕ್ಕ ಉತ್ತರವು ಮೇಲೆ ತೋರುವಷ್ಟು ಸುಲಭವಲ್ಲವಾದುದರಿಂದ ವಾಚಕರೊಡನೆ ಕೂಡಿ ಅದನ್ನು ವಿಚಾರಿಸಿ ನೋಡೋಣ.

ಮೊದಲು ನಮ್ಮ ಕಡಲಿನ ಡಾಲ್ಫಿನ್ನಿನ ಪರಿಚಯವಾಗಲಿ. ಇದು ಮೀನಲ್ಲ, ಮರಿ ಹಾಕಿ ಮೊಲೆಯೂಡಿಸುವ, ನಮ್ಮಂತೆಯೇ ಗಾಳಿಯನ್ನು ಉಸಿರಾಡುವ ಪ್ರಾಣಿ. ಕಾರವಾರದಿಂದ ಭಟಕಳದ ವರೆಗೆ ದಡಕ್ಕೆ ತೀರ ಹತ್ತಿರದಲ್ಲಿ ಕಾಣುವ ಜಾತಿಗೆ ಎತ್ತಿನ ಹಿಣಿಲಿನಂತೆ ಬೆನ್ನಿನ ಮೇಲೊಂದು ಗೂನು, ಆ ಗೂನಿನ ಮೇಲೆ ಚಿಕ್ಕ ಈಜುರೆಕ್ಕೆ. ಮೈಬಣ್ಣವು ಸೀಸದಂತೆ ಬೂದು. ಶಾಸ್ತ್ರಜ್ಞರು ಇದನ್ನು ಸೌಸಾ ಪ್ಲಂಬಿಯಾ ಎನ್ನುವರು. ಪ್ಲಂಬಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸೀಸವೇ. 1829ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞನಾದ ಕುವಿಯೇ ಎಂಬವನು ಈ ಹೆಸರನ್ನಿಟ್ಟದ್ದು ಮಲಬಾರದ ತೀರದಿಂದ ದೊರೆತ ಪ್ರಾಣಿಯ ಮೇಲಿಂದ. ಆಫ್ರಿಕದ ವರೆಗೆ ಹಬ್ಬಿರುವ ಈ ಜಾತಿಯನ್ನು ಲೋಕವು ಮೊದಲು ಗುರುತಿಸಿದ್ದು ನಮ್ಮ ನೆರೆಯ ಕಡಲಿನಲ್ಲಿ ಎಂಬದು ನಮಗೆ ಹೆಮ್ಮೆಯ ಮಾತಲ್ಲವೆ? ಬಹುಕಾಲ ಇದನ್ನು ಚೀನದ ಕಡಲಿನ ಇನ್ನೊಂದು ಜಾತಿಯೊಡನೆ ಬೆರೆಸಿ ಹೇಳುವ ವಾಡಿಕೆಯಿತ್ತು. 2014ರಲ್ಲಿ ಎರಡೂ ಬೇರೆಬೇರೆಯೆಂದು ನಿಶ್ಚಯವಾಯಿತು. ಬೆಳೆದ ಪ್ರಾಣಿಯು ಎಂಟೊಂಬತ್ತು ಅಡಿ ಉದ್ದವಿದ್ದು, ಇಬ್ಬರು ಮೂವರು ಗಂಡಸರ ತೂಕವಿರುವದು. ಆಳವಾದ ಕಡಲು ಇದಕ್ಕೆ ಒಗ್ಗದು. 25 ಮೀಟರಿಗಿಂತ ಕಡಿಮೆ ಆಳದ ನೀರು, ನದಿಗಳ ಅಳಿವೆ, ಮಣ್ಣು ಕದಡಿದ ಕೊಲ್ಲಿ, ಇವೇ ಇದರ ಮನೆ.

ಈ ಗೂನಿನ ಡಾಲ್ಫಿನ್ನು ಬಹಳ ಸಂಕೋಚದ ಪ್ರಾಣಿ. ಹಡಗಿನ ಮೂತಿಯ ಮುಂದೆ ನೆಗೆಯುತ್ತ ತೆರೆಯೇರಿ ಆಡುವದು ಬೇರೆ ಜಾತಿಗಳ ಸ್ವಭಾವ. ಇದಾದರೋ ದೋಣಿಯ ಸದ್ದು ಹತ್ತಿರವಾದೊಡನೆ ಸದ್ದಿಲ್ಲದೆ ಮುಳುಗಿ, ನಾವು ನೋಡುತ್ತಿರುವ ದಿಕ್ಕನ್ನು ಬಿಟ್ಟು ಮತ್ತೊಂದೆಡೆ ಏಳುವದು. ಕದಡಿದ ನೀರಿನಲ್ಲಿ ಇದಕ್ಕೆ ಕಣ್ಣಿಗಿಂತ ಕಿವಿಯೇ ದೊಡ್ಡ ಆಸರೆ. ನೆತ್ತಿಯ ಉಸಿರುಗಂಡಿಯ ಕೆಳಗೆ ಟಿಕ್ ಟಿಕ್ ಎಂಬ ಸದ್ದುಗಳನ್ನು ಹುಟ್ಟಿಸಿ, ಹಣೆಯೊಳಗಿನ ಕೊಬ್ಬಿನ ಮುದ್ದೆಯ ಮೂಲಕ ಅವನ್ನು ಮುಂದಕ್ಕೆಸೆದು, ಮರುದನಿಯನ್ನು ಕೆಳದವಡೆಯಿಂದ ಹಿಡಿದು ಒಳಗಿವಿಗೆ ಮುಟ್ಟಿಸಿಕೊಳ್ಳುವದು. ಹೀಗಾಗಿ ಗೋಕರ್ಣದ ನೀರಿನಲ್ಲಿ ಈಜುವವನು ಅದನ್ನು ಕಾಣುವ ಎಷ್ಟೋ ಮೊದಲು ಅದು ಅವನನ್ನು ಕೇಳಿ ತಿಳಿದಿರುವದು. ತಿಳಿದೂ ಹತ್ತಿರ ಬಾರದೆ ಹೋಗುವದು. ಆದುದರಿಂದ ಮಕ್ಕಳ ಪ್ರಶ್ನೆಗೆ ನಮ್ಮ ಕಡಲಿನ ಮಟ್ಟಿಗೆ ಉತ್ತರವು "ಬಹುಶಃ ಬಾರದು" ಎಂದೇ.

ಹಾಗಾದರೆ ಬೇರೆ ಕಡೆಗಳಲ್ಲಿ ಬಂದ ಕಥೆಗಳೆಲ್ಲ ಸುಳ್ಳೋ? ಸುಳ್ಳಲ್ಲ. ಅತ್ಯಂತ ಹಳೆಯ ಕಥೆಗಳಲ್ಲೊಂದನ್ನು ರೋಮಿನ ಕಿರಿಯ ಪ್ಲಿನಿಯು ತನ್ನ ಪತ್ರವೊಂದರಲ್ಲಿ ಬರೆದಿಟ್ಟಿದ್ದಾನೆ. ಈಗಿನ ಟ್ಯುನೀಸಿಯ ದೇಶದಲ್ಲಿರುವ ಹಿಪ್ಪೊ ಎಂಬ ಊರಿನಲ್ಲಿ ಹುಡುಗರು ದೂರದೂರ ಈಜುವ ಪಂತ ಕಟ್ಟುತ್ತಿದ್ದರಂತೆ. ಎಲ್ಲರಿಗಿಂತ ಮುಂದೆ ಹೋದ ಹುಡುಗನನ್ನು ಡಾಲ್ಫಿನ್ನೊಂದು ಬೆನ್ನ ಮೇಲೆ ಹೊತ್ತು ಒಳಗಡಲಿಗೊಯ್ದು, ಮತ್ತೆ ದಡಕ್ಕೆ ತಂದು ಬಿಟ್ಟಿತು. ಇದು ದಿನದಿನವೂ ನಡೆಯತೊಡಗಿತು. ನೋಡಲು ಜನರು ನೆರೆದರು, ಅಧಿಕಾರಿಗಳೂ ಬರತೊಡಗಿದರು, ಅವರ ಊಟ-ವಸತಿಯ ವೆಚ್ಚವು ಆ ಚಿಕ್ಕ ಊರಿಗೆ ಹೊರಲಾರದ ಭಾರವಾಯಿತು. ಕೊನೆಗೆ ಊರವರು ಗುಟ್ಟಾಗಿ ಆ ಡಾಲ್ಫಿನ್ನನ್ನು ಕೊಲ್ಲಿಸಿಬಿಟ್ಟರು. ಕಥೆಯ ಮೊದಲ ಭಾಗವನ್ನು ಎಲ್ಲರೂ ಮಕ್ಕಳಿಗೆ ಹೇಳುತ್ತಾರೆ, ಕೊನೆಯ ಭಾಗವನ್ನು ಮಾತ್ರ ಯಾರೂ ಹೇಳುವದಿಲ್ಲ.

ಪುರಾತನರ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಯಾಕಂದರೆ ನಮ್ಮ ತಾಯಿತಂದೆಗಳ ಕಾಲದಲ್ಲಿಯೇ, ಛಾಯಾಚಿತ್ರಗಳ ಸಾಕ್ಷಿಯೊಡನೆ, ಅಂಥದೇ ಇನ್ನೊಂದು ನಡೆಯಿತು. ನ್ಯೂಜಿಲೆಂಡಿನ ಉತ್ತರದಲ್ಲಿ ಹೊಕಿಯಾಂಗ ಎಂಬ ಹಿನ್ನೀರಿನ ದಂಡೆಯ ಮೇಲೆ ಒಪೊನೊನಿ ಎಂಬ ಹಳ್ಳಿಯಿದೆ. 1955ರಲ್ಲಿ ಅಲ್ಲಿಗೊಂದು ಎಳೆಯ ಹೆಣ್ಣು ಡಾಲ್ಫಿನ್ನು ಒಂಟಿಯಾಗಿ ಬಂದಿತು. ಮೊದಲು ದೋಣಿಗಳ ಹಿಂದೆ ಬರುತ್ತಿದ್ದದ್ದು, ಹುಟ್ಟಿನಿಂದ ಬೆನ್ನು ತುರಿಸಿದರೆ ನಿಲ್ಲತೊಡಗಿತು. ಆ ವರ್ಷದ ಬೇಸಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ, ಸ್ನಾನಕ್ಕಿಳಿದ ಮಕ್ಕಳ ನಡುವೆಯೇ ಸುಳಿದಾಡಿತು. ಚೆಂಡನ್ನು ಮೂತಿಯಿಂದ ಮೇಲಕ್ಕೆಸೆದು ಆಡಿತು; ತನಗೆ ಮೆಚ್ಚಾದವರನ್ನು ಬೆನ್ನ ಮೇಲೆ ಸ್ವಲ್ಪ ದೂರ ಒಯ್ದಿತು. ಜನರು ಅದನ್ನು ಓಪೊ ಎಂದು ಕರೆದರು. ಸಾವಿರಾರು ಜನರು ಬಂದು ಇಳಿದ ಆ ಹಳ್ಳಿಯಲ್ಲಿ ಅದನ್ನು ಹಿಡಿಯುವವರೂ ಎಳೆಯುವವರೂ ಹೆಚ್ಚಾದಾಗ ಊರವರಿಗೆ ಭಯ ಹುಟ್ಟಿತು; ಸರಕಾರಕ್ಕೆ ಮೊರೆಯಿಟ್ಟರು. ಡಾಲ್ಫಿನ್ನಿಗೆ ತೊಂದರೆ ಕೊಡಬಾರದೆಂಬ ಆಜ್ಞೆಯು 1956ರ ಮಾರ್ಚ್ 8ರಂದು ಜಾರಿಗೆ ಬಂದಿತು. ಮರುದಿನ, ಮಾರ್ಚ್ 9ರಂದು, ಓಪೊ ಬಂಡೆಗಳ ಸಂದಿನಲ್ಲಿ ಸತ್ತು ಬಿದ್ದಿದ್ದುದು ಕಂಡಿತು. ಹಳ್ಳಿಯವರು ಅದನ್ನು ಊರಿನ ಸಭಾಮಂದಿರದ ಬಳಿಯಲ್ಲಿ ಹೂವುಗಳೊಡನೆ ಮಣ್ಣು ಮಾಡಿದರು.

ಇಂಥ ಡಾಲ್ಫಿನ್ನುಗಳು ಆಗಾಗ ಬಂದಿವೆ. ಐರ್ಲಂಡಿನ ಡಿಂಗಲ್ ಎಂಬಲ್ಲಿ 1983ರಿಂದ 2020ರ ವರೆಗೆ ಫಂಗಿ ಎಂಬ ಒಂದೇ ಡಾಲ್ಫಿನ್ನು ಈಜುವವರೊಡನೆ ಆಡುತ್ತಿದ್ದು, ಒಂದು ದಿನ ಕಾಣದಾಯಿತು. ಆದರೆ ಇವುಗಳಲ್ಲೆಲ್ಲ ಒಂದು ಸಾಮ್ಯವನ್ನು ವಾಚಕರು ಗಮನಿಸಬೇಕು: ಇವೆಲ್ಲವೂ ಒಂಟಿಗಳು. ಡಾಲ್ಫಿನ್ನು ಹುಟ್ಟಿನಿಂದಲೇ ಹಿಂಡಿನ ಪ್ರಾಣಿ. ಒಂದೊಂದಕ್ಕೂ ತನ್ನದೇ ಆದ ಸಿಳ್ಳು ಇದ್ದು, ಅದು ಹೆಸರಿನಂತೆ ನಡೆಯುವದೆಂದು ಮೂತಿಯುದ್ದದ ಜಾತಿಯ ಮೇಲೆ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ಹಿಂಡಿನಿಂದ ಅಗಲಿ, ಆ ಸಿಳ್ಳಿಗೆ ಉತ್ತರ ಕೊಡುವವರಿಲ್ಲದಾದ ಪ್ರಾಣಿಯೇ ಮನುಷ್ಯನ ಸಹವಾಸವನ್ನು ಹುಡುಕಿಕೊಂಡು ದಡಕ್ಕೆ ಬರುವದು. ನಾವು ಅದನ್ನು ಸ್ನೇಹವೆಂದು ಕರೆಯುತ್ತೇವೆ; ಕರೆಯಲಿ, ತಪ್ಪಿಲ್ಲ. ಆದರೆ ತಾಯಿ, ಬಳಗ ಎಲ್ಲರೂ ಇದ್ದ ಡಾಲ್ಫಿನ್ನಿಗೆ ನಮ್ಮ ಅವಶ್ಯಕತೆಯಿಲ್ಲ. ಮನುಷ್ಯರಿಗೆ ಹತ್ತಿದ ಒಂಟಿಗಳಲ್ಲಿ ಎಷ್ಟೋ ದೋಣಿಯ ಎಂಜಿನ್ನಿನ ಪಂಖಕ್ಕೆ ಸಿಕ್ಕು, ಗಾಳ ನುಂಗಿ, ಗಾಯಗೊಂಡಿವೆ.

ಇನ್ನು ಡಾಲ್ಫಿನ್ನಿನ ಮುಖದ ಮೇಲಿನ ನಗೆ. ಅದು ನಗೆಯಲ್ಲ, ದವಡೆಯ ಆಕಾರ. ಸಿಟ್ಟು ಬಂದಾಗಲೂ, ಸಾಯುವಾಗಲೂ ಅದು ಹಾಗೆಯೇ ಇರುವದು. ಆ ನಗೆಯನ್ನು ನಂಬಿದವರು ಪೆಟ್ಟು ತಿಂದುದುಂಟು. ಬ್ರಾಜಿಲ್ ದೇಶದಲ್ಲಿ ತಿಯಾಂವ್ ಎಂದು ಹೆಸರಾದ ಒಂಟಿ ಡಾಲ್ಫಿನ್ನನ್ನು ಸ್ನಾನಕ್ಕೆ ಬಂದವರು ಬೆನ್ನೇರುವದು, ಉಸಿರುಗಂಡಿಯಲ್ಲಿ ಕಡ್ಡಿ ತುರುಕುವದು ಮುಂತಾಗಿ ಪೀಡಿಸುತ್ತಿದ್ದರು. 1994ರಲ್ಲಿ ಅದು ಮೂತಿಯಿಂದ ಗುದ್ದಿದ ಏಟಿಗೆ ಒಬ್ಬನು ಪ್ರಾಣ ಬಿಟ್ಟನು. ಜಪಾನದ ಫುಕುಯಿ ಪ್ರಾಂತದ ತೀರಗಳಲ್ಲಿ 2022ರಿಂದ ಮೂರು ಬೇಸಗೆ ಈಜುವವರನ್ನು ಡಾಲ್ಫಿನ್ನು ಕಚ್ಚಿ ಗಾಯಪಡಿಸಿತು; ಒಬ್ಬರ ಪಕ್ಕೆಲುಬುಗಳೂ ಮುರಿದವು. ಪ್ರಾಣಿಯು ದುಷ್ಟವೆಂದು ನಾವು ಹೇಳುವದಿಲ್ಲ. ಮನೆಯ ಎಮ್ಮೆಯ ಮೂಗಿನಲ್ಲಿ ಕಡ್ಡಿ ತುರುಕಿದರೆ ಏನಾಗುವದೆಂದು ನಮ್ಮ ಹುಡುಗರಿಗೆ ಗೊತ್ತು.

ಕಾಪಾಡಿದ ಮಾತೂ ಇಲ್ಲದಿಲ್ಲ. 2004ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನ ಫಾಂಗರೇ ಊರಿನ ಸಮೀಪದಲ್ಲಿ ರಾಬ್ ಹೌಸ್ ಎಂಬ ಜೀವರಕ್ಷಕನೂ ಅವನ ಮಗಳೂ ಇನ್ನಿಬ್ಬರು ಹುಡುಗಿಯರೂ ಈಜುತ್ತಿದ್ದಾಗ, ಡಾಲ್ಫಿನ್ನುಗಳು ಅವರನ್ನು ಒತ್ತಟ್ಟಿಗೆ ಕೂಡಿಸಿ ಸುಮಾರು 40 ನಿಮಿಷ ಸುತ್ತುತ್ತಿದ್ದವು. ಕೆಳಗೆ ದೊಡ್ಡದೊಂದು ಬಿಳಿ ಶಾರ್ಕ್ ಸುಳಿಯುತ್ತಿದ್ದುದನ್ನು ಹೌಸನು ಕಂಡನು. ಅವರನ್ನು ಉಳಿಸುವದಕ್ಕಾಗಿಯೇ ಅವು ಹಾಗೆ ಮಾಡಿದವೋ, ತಮ್ಮ ರಕ್ಷಣೆಗಾಗಿ ಕಟ್ಟಿದ ಸುತ್ತಿನಲ್ಲಿ ಇವರೂ ಸಿಕ್ಕಿದರೋ ಎಂಬದು ಡಾಲ್ಫಿನ್ನುಗಳಿಗೇ ಗೊತ್ತು. ದಡಕ್ಕೆ ನೂಕಲ್ಪಟ್ಟವನು ಬಂದು ಕಥೆ ಹೇಳುವನು. ಒಳಗಡಲಿಗೆ ನೂಕಲ್ಪಟ್ಟವನು ಹೇಳಲು ಬರಲಾರನು. ಆದುದರಿಂದ ಇಂಥ ಕಥೆಗಳನ್ನು ಕೇಳಿ ಸಂತೋಷಪಡೋಣ, ಅವನ್ನು ನಂಬಿ ಮಕ್ಕಳನ್ನು ನೀರಿಗಿಳಿಸುವದು ಬೇಡ.

ನಾವು ಹತ್ತಿರ ಹೋದರೆ ಅದಕ್ಕೇನು ನಷ್ಟವೆಂದು ಕೆಲವರು ಕೇಳಬಹುದು. ಹವಾಯಿ ದ್ವೀಪಗಳಲ್ಲಿ ಇದಕ್ಕೆ ಉತ್ತರ ದೊರೆತಿದೆ. ಅಲ್ಲಿನ ಸುತ್ತುಗ ಡಾಲ್ಫಿನ್ನುಗಳು ರಾತ್ರಿಯೆಲ್ಲ ಆಳದ ಕಡಲಿನಲ್ಲಿ ಬೇಟೆಯಾಡಿ, ಹಗಲಿನಲ್ಲಿ ವಿಶ್ರಾಂತಿಗಾಗಿ ಶಾಂತವಾದ ಕೊಲ್ಲಿಗಳಿಗೆ ಬರುವವು. ಡಾಲ್ಫಿನ್ನಿನ ನಿದ್ರೆಯೂ ವಿಚಿತ್ರವಾದುದು. ಮಿದುಳಿನ ಅರ್ಧವು ಮಲಗಿದರೆ ಇನ್ನರ್ಧವು ಎಚ್ಚರವಿರುವದು, ಇಲ್ಲವಾದರೆ ಉಸಿರಿಗೆಂದು ಮೇಲೇಳುವವರಾರು? ಅದೇ ಹೊತ್ತಿಗೆ ಪ್ರವಾಸಿಗರ ಗುಂಪುಗಳು ಅವುಗಳೊಡನೆ ಈಜಲು ಧುಮುಕುತ್ತಿದ್ದವು. ದಿನದಿನವೂ ನಿದ್ರೆ ಕೆಡುತ್ತಿದ್ದುದರಿಂದ, ದಡದಿಂದ ಎರಡು ನಾವಿಕ ಮೈಲಿನೊಳಗೆ ಅವುಗಳ 50 ಗಜದೊಳಗೆ ಈಜುಗಾರರಾಗಲಿ ದೋಣಿಗಳಾಗಲಿ ಹೋಗಕೂಡದೆಂದು ಅಮೇರಿಕದ ಸರಕಾರವು 2021ರಲ್ಲಿ ನಿಯಮ ಮಾಡಿತು.

ಹಾಗೆಂದು ಮನುಷ್ಯನಿಗೂ ಡಾಲ್ಫಿನ್ನಿಗೂ ಒಳ್ಳೆಯ ಸಂಬಂಧವೇ ಸಾಧ್ಯವಿಲ್ಲವೆಂದಲ್ಲ. ನಮ್ಮ ದಕ್ಷಿಣಕ್ಕಿರುವ ಕೇರಳದ ಅಷ್ಟಮುಡಿಯ ಅಳಿವೆಯಲ್ಲಿ ಇದೇ ಗೂನಿನ ಜಾತಿಯು ಮೀನಿನ ಹಿಂಡನ್ನು ದಡದತ್ತ ಅಟ್ಟಿಕೊಂಡು ಬರುವದು. ನೀರಿನಲ್ಲಿ ನಿಂತ ಬೆಸ್ತರು ಆ ಹೊತ್ತನ್ನು ನೋಡಿ ಬೀಸುಬಲೆ ಎಸೆಯುವರು. ಚದರಿದ ಮೀನು ಡಾಲ್ಫಿನ್ನಿನ ಪಾಲು. ಯಾರೂ ಯಾರನ್ನೂ ಮುಟ್ಟುವದಿಲ್ಲ, ಬೆನ್ನೇರುವದಿಲ್ಲ. ನಮಗೆ ಓಪೊವಿನ ಕಥೆಗಿಂತ ಈ ಕಸಬಿನ ಒಡನಾಟವು ಹೆಚ್ಚು ಮನಸ್ಸಿಗೆ ಬರುವದು.

ಹಿಂದಿನವರ ಭಾವನೆಯೂ ಇಂಥ ಗೌರವದ್ದೇ ಆಗಿರಬೇಕು. ಭಾಗವತದ ಐದನೆಯ ಸ್ಕಂಧದಲ್ಲಿ ಆಕಾಶದ ಜ್ಯೋತಿಶ್ಚಕ್ರವನ್ನು ಶಿಶುಮಾರವೆಂಬ ಜಲಚರದ ರೂಪದಲ್ಲಿ ವರ್ಣಿಸಿ, ಅದರ ಬಾಲದ ತುದಿಯಲ್ಲಿ ಧ್ರುವನನ್ನು ಇಟ್ಟಿದ್ದಾರೆ. ಶಿಶುಮಾರವೆಂದರೆ ಗಂಗೆಯ ಡಾಲ್ಫಿನ್ನೆಂದು ಅನೇಕರು ಅರ್ಥಮಾಡುವರು. ಆ ಗಂಗೆಯ ಡಾಲ್ಫಿನ್ನನ್ನೇ 2009ರಲ್ಲಿ ಭಾರತದ ರಾಷ್ಟ್ರೀಯ ಜಲಚರವೆಂದು ಸಾರಲಾಯಿತು.

ಈಗಿನ ಸ್ಥಿತಿಯನ್ನು ಹೇಳಬೇಕೆಂದರೆ ನಮ್ಮ ತೀರದ ಗೂನಿನ ಡಾಲ್ಫಿನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ದಡದ ಹತ್ತಿರವೇ ಬಾಳುವದರಿಂದ ಮನುಷ್ಯನು ಕಡಲಿಗೆ ಮಾಡುವದೆಲ್ಲವೂ ಮೊದಲು ಇದಕ್ಕೇ ತಟ್ಟುವದು. ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ಬಲೆಯಲ್ಲಿ ಸಿಕ್ಕಿದರೆ ಮೇಲೆ ಬರಲಾರದೆ ಉಸಿರುಕಟ್ಟಿ ಸಾಯುವದು. ಸತ್ತ ಡಾಲ್ಫಿನ್ನುಗಳು ನಮ್ಮ ಜಿಲ್ಲೆಯ ತೀರಗಳಿಗೆ ತೇಲಿಬಂದ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುವದು, ಅದೂ ಕೆಲವು ವರ್ಷಗಳ ಅಂತರದಲ್ಲಿ; ಹೋದ ಒಂದರ ಸ್ಥಾನವು ಬೇಗನೆ ತುಂಬುವದಿಲ್ಲ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಇದಕ್ಕೆ ಮೊದಲನೆಯ ಅನುಸೂಚಿಯಲ್ಲಿ ಸ್ಥಾನ ಕೊಟ್ಟಿದೆ. ಡಾಲ್ಫಿನ್ನುಗಳನ್ನು ಕೊಳದಲ್ಲಿಟ್ಟು ಆಟವಾಡಿಸುವ ಪ್ರದರ್ಶನಗಳಿಗೆ ಅನುಮತಿ ಕೊಡಬಾರದೆಂದು 2013ರಲ್ಲಿ ಕೇಂದ್ರ ಸರಕಾರವು ರಾಜ್ಯಗಳಿಗೆ ತಿಳಿಸಿದೆ.

ಇನ್ನುಳಿದದ್ದು ರಜೆಯಲ್ಲಿ ಕಡಲಿಗೆ ಹೋಗುವವರಿಗೆ ಬೇಕಾದ ಮಾತು. ಹೊಳೆಯ ಈಜು ಬಲ್ಲವನು ಕಡಲನ್ನು ಬಲ್ಲನೆಂದು ತಿಳಿಯಬಾರದು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ತೀರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸ್ನಾನಕ್ಕಿಳಿದು ನೀರುಪಾಲಾದುದನ್ನು ಯಾರೂ ಮರೆತಿರಲಾರರು. ತೆರೆಯು ಹಿಂದಕ್ಕೆಳೆಯುವ ಸೆಳವಿನಲ್ಲಿ ಸಿಕ್ಕಿದರೆ ಅದಕ್ಕೆದುರಾಗಿ ಹೋರಾಡದೆ, ದಡದ ಉದ್ದಕ್ಕೆ ಅಡ್ಡವಾಗಿ ಈಜಿ ಸೆಳವಿನಿಂದ ಹೊರಬಿದ್ದು ಅನಂತರ ದಡದತ್ತ ತಿರುಗಬೇಕು. ದೂರದಲ್ಲಿ ಗೂನು ಕಂಡಿತೆಂದು ಅದರ ಬೆನ್ನು ಹತ್ತಿ ಈಜಿದರೆ ಅದನ್ನು ಮುಟ್ಟುವದಂತೂ ಆಗದು; ದಡ ಮಾತ್ರ ದೂರವಾಗುವದು. ಒಂದು ವೇಳೆ ಅದೇ ಹತ್ತಿರ ಬಂದರೆ ಕೈ ಚಾಚದೆ, ಕೂಗದೆ, ಇದ್ದಲ್ಲಿಯೇ ತೇಲುತ್ತಿದ್ದು ಅದಕ್ಕೆ ದಾರಿ ಬಿಡಬೇಕು. ಮರಿಯೊಡನೆ ಇರುವ ತಾಯಿಯ ಹತ್ತಿರವಂತೂ ಸುಳಿಯಲೇಬಾರದು.

ದೋಣಿಯಲ್ಲಿ ಹೋಗುವವರು, ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ, ಬೆಳಗಿನ ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಳ್ಳುವದು ಮೇಲು. "ಅಣ್ಣಾ, ಬೆನ್ನಟ್ಟುವದು ಬೇಡ, ದೂರದಲ್ಲಿಯೇ ಎಂಜಿನ್ನನ್ನು ನಿಲ್ಲಿಸು" ಎಂದು ದೋಣಿಯವನಿಗೆ ಹತ್ತುವ ಮೊದಲೇ ಹೇಳಿರಬೇಕು. ಗಿರಾಕಿಯೇ ಹೀಗೆ ಕೇಳಿದರೆ ಅವನಿಗೂ ಎಣ್ಣೆಯ ಖರ್ಚು ಉಳಿಯುವದು. ಎಂಜಿನ್ನು ನಿಂತ ಮೇಲೆ ನೀರು ದೋಣಿಯ ಪಕ್ಕಕ್ಕೆ ಬಡಿಯುವ ಸಪ್ಪಳವಷ್ಟೇ ಉಳಿಯುವದು. ಮಕ್ಕಳನ್ನು ಸುಮ್ಮನಿರಿಸಿ ಹತ್ತು ನಿಮಿಷ ಕಾದರೆ, ಕೆಲವು ಸಲ, ಕಣ್ಣಿಗೆ ಏನೂ ಕಾಣುವ ಮೊದಲೇ ಅದು ಉಸಿರು ಬಿಡುವ ಫುಸ್ಸೆಂಬ ಸದ್ದು ನೀರಿನ ಮೇಲಿಂದ ಕೇಳಿಬರುವದು.