ರಕ್ತದ ಕ್ಯಾನ್ಸರ್: ಗುಣ ಕಂಡರೂ ಮಾತ್ರೆ ಬಿಡಬಾರದೇಕೆ?

ರಕ್ತದ ಕ್ಯಾನ್ಸರ್ ಎಂದೊಡನೆ ಮನೆಮಂದಿ ಆಸೆ ಬಿಡುವುದುಂಟು. ಆದರೆ ವೈದ್ಯರು ಸಿಎಂಎಲ್ ಎಂದು ಕರೆಯುವ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾವನ್ನು ಇಂದು ಹೆಚ್ಚಿನವರಲ್ಲಿ ದಿನದ ಮಾತ್ರೆಯಿಂದಲೇ ಹತೋಟಿಯಲ್ಲಿಡಬಹುದು. ಮೈ ಹಗುರವಾಯಿತು, ರಕ್ತದ ಲೆಕ್ಕ ಸರಿಹೋಯಿತು ಎಂದು ಕೆಲವರು ಮಾತ್ರೆ ಬಿಡುತ್ತಾರೆ. ಅಪಾಯ ಇರುವುದು ಅಲ್ಲಿ.

ನಮ್ಮ ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತಲೇ ಇರುತ್ತವೆ. ಒಂದು ಜೀವಕೋಶ ಎರಡಾಗುವ ಮುನ್ನ ಡಿಎನ್‌ಎಯ ಸುಮಾರು 600 ಕೋಟಿ ಅಕ್ಷರಗಳು ನಕಲಾಗಬೇಕು. ತಪ್ಪು ಬೀಳುವುದು ಸಹಜ, ತಿದ್ದುವುದಕ್ಕೂ ಜೀನ್‌ಗಳಿವೆ. ಚರ್ಚಿನ ಜ್ಞಾನಸ್ನಾನದ ರಿಜಿಸ್ಟರನ್ನು ಒಬ್ಬರು ನಕಲು ಮಾಡಿ, ಇನ್ನೊಬ್ಬರು ಮೂಲದೊಡನೆ ತಾಳೆ ನೋಡಿದ ಹಾಗೆ.

ಈ ಕಾಯಿಲೆಯವರಲ್ಲಿ ಗಿಡ್ಡವಾದ ಒಂದು ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಗುರುತಿಸಿದರು. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ತಪ್ಪು ಜೋಡಣೆಯಿಂದ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಅದು ಕೋಶಗಳನ್ನು ಬಿಡುವಿಲ್ಲದೆ ಹೆಚ್ಚಿಸುತ್ತದೆ. ಜೊತೆಗೆ ಡಿಎನ್‌ಎಯನ್ನು ಮುರಿಯುವ ರಾಸಾಯನಿಕಗಳೂ ಕೋಶದೊಳಗೆ ಹೆಚ್ಚುತ್ತವೆ. ಇನ್ನೂ ಕೆಟ್ಟ ಸಂಗತಿ ರಿಪೇರಿಯದ್ದು. ಎಚ್ಚರದಿಂದ ತಿದ್ದಲು ನೆರವಾಗುವ ಬಿಆರ್‌ಸಿಎ1 ಕುಗ್ಗುತ್ತದೆ, ಆರ್‌ಎಡಿ51 ಅತಿಯಾಗಿ ದುಡಿಯುತ್ತದೆ. ಮುರಿದದ್ದು ಹೇಗೋ ಜೋಡಣೆಯಾಗುತ್ತದೆ. ಹರಿದ ಹಾಳೆಗಳನ್ನು ಓದದೆ ಅಂಟಿಸಿದರೆ ಯಾರ ಹೆಸರು ಯಾರ ಮನೆತನಕ್ಕೆ ಸೇರೀತು? ಸಾಯಬೇಕಾಗಿದ್ದ ಕೋಶ ಬದುಕಿ, ತಪ್ಪುಗಳನ್ನು ಮರಿಕೋಶಗಳಿಗೆ ದಾಟಿಸುತ್ತದೆ. ಹೀಗೆ ತಪ್ಪು ಕೂಡುತ್ತಾ ಹೋಗಿ ಬ್ಲಾಸ್ಟ್ ಕ್ರೈಸಿಸ್ ಎಂಬ ಉಗ್ರ ಹಂತ ಬರುತ್ತದೆ. ಹಿಂದೆ ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಸಾಕಾಗುತ್ತಿತ್ತು.

2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಮ್ಯಾಟಿನಿಬ್ ಈ ಪ್ರೋಟೀನಿನ ಬಾಯಿ ಕಟ್ಟುತ್ತದೆ. ಇದನ್ನು ಮೊದಲ ಚಿಕಿತ್ಸೆಯಾಗಿ ಪಡೆದವರ ದೊಡ್ಡ ಅಧ್ಯಯನದಲ್ಲಿ ಹತ್ತು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಸುಮಾರು ಶೇ. 83. ನೊವಾರ್ಟಿಸ್ ಕಂಪೆನಿಯ ಪೇಟೆಂಟ್ ಬೇಡಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಭಾರತೀಯ ಕಂಪೆನಿಗಳ ಅಗ್ಗದ ಮಾತ್ರೆ ಉಳಿಯಿತು. ಬಡ ರೋಗಿಗಳಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಮಾತ್ರೆ ರೋಗದ ಬೇರನ್ನು ಕೀಳುವುದಿಲ್ಲ. ತಪ್ಪಿಸಿದರೆ ಪ್ರೋಟೀನ್ ಮತ್ತೆ ಕೆಲಸಕ್ಕಿಳಿಯುತ್ತದೆ, ಹಾಳು ರಿಪೇರಿಯೂ ಮೊದಲಾಗುತ್ತದೆ. ಮಾತ್ರೆಗೇ ಜಗ್ಗದ ಹೊಸ ಕೋಶಗಳು ಹುಟ್ಟಬಹುದು. ಶೇ. 90ಕ್ಕಿಂತ ಕಡಿಮೆ, ಅಂದರೆ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸಿದವರಲ್ಲಿ ಫಲ ಬಹಳ ಕಡಿಮೆಯೆಂದು 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನ ತೋರಿಸಿತು.

ತಪಸ್ಸುಕಾಲದ ಬಗ್ಗೆಯೂ ಒಂದು ಮಾತು. ಇಮ್ಯಾಟಿನಿಬನ್ನು ಊಟದೊಂದಿಗೆ, ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಳ್ಳಬೇಕು. ಉಪವಾಸದ ಕಟ್ಟಳೆಯಿಂದ ರೋಗಿಗಳಿಗೆ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ. ಹಿರಿಯರಿಗೆ ಇದನ್ನು ಧರ್ಮಗುರುಗಳೇ ಹೇಳಿದರೆ ಒಳಿತು. ಹಲವು ವರ್ಷ ರೋಗದ ಸುಳಿವೇ ಕಾಣದ ಕೆಲವರಿಗೆ ವೈದ್ಯರು ಮಾತ್ರೆ ನಿಲ್ಲಿಸಿ ನೋಡುವುದುಂಟು, ಅದೂ ಮೇಲಿಂದ ಮೇಲೆ ರಕ್ತಪರೀಕ್ಷೆ ಮಾಡುತ್ತಾ. ರೋಗಿಗಳ ಭೇಟಿಗೆ ಹೋಗುವ ವಾಳೆಯ ಗುರಿಕಾರರು ಪ್ರಾರ್ಥನೆ ಮುಗಿಸಿ ಏಳುವ ಮುನ್ನ, ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ, ಮುಂದಿನ ಪಿಸಿಆರ್ ಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಬರಲಿ.